ಎಲ್ಲಿ ಎಂಬ ಕಾಲಂ

ರಾತ್ರಿ ಹತ್ತೂ ಇಪ್ಪತ್ತು. ನೀರು ಮೊಣಕಾಲಿಗೆ.
ಹಣೆಯ ದೀಪಕ್ಕೆ ಮುತ್ತುವ ಹುಳಗಳಲ್ಲೊಂದು
ಬಾಯಿಗೂ ಹೋಯಿತು, ಉಗಿದೆ.
ಮುಂದೆ ಮಾಂಚ, ಬರಿಗಾಲು.
ಹಳ್ಳದ ಕಲ್ಲು ಒಂದೊಂದೇ ಎತ್ತಿ
ಕೆಳಗೆ ಕೈ ತೂರಿಸಿ, ತಡವಿ,
ಇದ್ದ ಹಾಗೆಯೇ ಇಟ್ಟು ಮುಚ್ಚುತ್ತಾನೆ,
ಯಾರದೋ ಅಡುಗೆಮನೆಯ ಪಾತ್ರೆ ಇಣುಕಿ ನೋಡಿದವನಂತೆ.
ಹಿಂದೆ ಡಾಕ್ಟರ್ ಸಫುರಾ, ಕುಚಿಂಗಿನವರು.
ಮೂರು ಸಲ ಜಾರಿ ಬಿದ್ದಿದ್ದಾರೆ,
ಮೂರು ಸಲವೂ ತಕ್ಕಡಿಯನ್ನು ಮೇಲೆತ್ತಿ ಹಿಡಿದೇ.
ಕೊನೆಗೆ ನಾನು, ಬರೆಯುವವಳು.
ನೆನೆಯದ ಕಾಗದದ ಪುಸ್ತಕ, ಕೊರಳಿಗೆ ಪೆನ್ಸಿಲ್.

"ಇಲ್ಲ" ಎನ್ನುತ್ತಾನೆ ಮಾಂಚ. ಬರೆಯುತ್ತೇನೆ: ಇಲ್ಲ.
"ಇಲ್ಲ." ಇಲ್ಲ.
ಹದಿನೇಳು ರಾತ್ರಿಗಳ ಇಲ್ಲ, ಪುಟ ತುಂಬಿ ಪುಟ.
ಇಲ್ಲವೂ ಲೆಕ್ಕಕ್ಕೆ ಬರುತ್ತದೆ ಅಂತ
ಡಾಕ್ಟರು ಹೇಳಿದ ದಿನ ನನ್ನಜ್ಜಿ ನಕ್ಕಿದ್ದಳು:
ಏನೂ ಸಿಗದಿದ್ದರೂ ಕೂಲಿ ಕೊಡುವ ಬೇಟೆ
ಸರವಾಕಿನಲ್ಲೇ ಇದೊಂದು.

ಆಮೇಲೆ ಅವನ ಬೆನ್ನು ನಿಂತಿತು.
ತೋಳು ಭುಜದವರೆಗೆ ನೀರಿನಲ್ಲಿ,
ಮುಖ ಬೇರೆ ಕಡೆ. ಬೆರಳಲ್ಲಿ ನೋಡುವವನು ಅವನು.

ಬಂತು.
ಮೊಳಕ್ಕೆ ತುಸು ಕಡಿಮೆ. ಒದ್ದೆ ತುಕ್ಕಿನ ಬಣ್ಣ.
ಬೆನ್ನುದ್ದ ಗರಗಸ, ಗಿಡ್ಡ ಕಾಲು,
ಕಿವಿ ಇರಬೇಕಾದಲ್ಲಿ ಬರೀ ಚರ್ಮ.
ಒದ್ದಾಡಲಿಲ್ಲ. ಕಚ್ಚಲೂ ಇಲ್ಲ.
ಮೊಳೆಗೆ ನೇತುಹಾಕಿ ಮರೆತ ಬೆಲ್ಟಿನಂತೆ
ಅವನ ಕೈಯಲ್ಲಿ ಜೋತಿತ್ತು.
ಲೊಚಗುಟ್ಟಿ ಶಕುನ ಹೇಳುವ ಹಲ್ಲಿಯ ಕುಲ ಇದಲ್ಲ.
ಕೇಳಿಸುತ್ತದಾ ಇದಕ್ಕೆ, ಅಂದೆ.
ಕೇಳಿಸಬಹುದು, ನಮ್ಮ ಹಾಗಲ್ಲ,
ಸರಿಯಾಗಿ ಯಾರಿಗೂ ಗೊತ್ತಿಲ್ಲ, ಅಂದರು ಡಾಕ್ಟರು.
ಗೊತ್ತಿಲ್ಲ ಅನ್ನುವಾಗ ಅವರ ಮುಖ
ಎಲೆಯ ಮುಂದೆ ಕೂತ ಹಸಿದವರ ಮುಖ.

ತೂಕ ಐವತ್ತೆಂಟು ಗ್ರಾಂ, ಚೀಲದ ತೂಕ ಕಳೆದು.
ನೀರು ಇಪ್ಪತ್ತನಾಲ್ಕು ಡಿಗ್ರಿ.
ಬಾಲ ಪೂರ್ತಿ ಇದೆ; ಮುರಿದರೆ ಮತ್ತೆ ಚಿಗುರುವ ಬಾಲವಲ್ಲ.
ಹೊಟ್ಟೆಗೆ ಹೆಬ್ಬೆರಳು ತಾಗಿಸಿ ಮಾಂಚ
"ನಾಲ್ಕು" ಅಂದ. ತತ್ತಿ.
ಹೇಗೆ ಗೊತ್ತು ಅಂತ ಯಾರೂ ಕೇಳಲಿಲ್ಲ.

ಹೇಗೆ ಗೊತ್ತು ಅಂದರೆ:
ಹಿಂದೆ ಪಟ್ಟಣದಿಂದ ಒಬ್ಬ ಬರುತ್ತಿದ್ದ,
ಕೈಯಲ್ಲೊಂದು ಮುದ್ರಿಸಿದ ಹಾಳೆ.
ಅದರಲ್ಲಿ ಯಾರೋ ವಿಜ್ಞಾನಿ ಪ್ರಾಮಾಣಿಕವಾಗಿ ಬರೆದ
ಅಕ್ಷಾಂಶ, ರೇಖಾಂಶ. ನಮ್ಮ ಹಳ್ಳ.
ಆ ಅಂಕಿಗಳನ್ನು ಕಾಲುದಾರಿಗೆ ಇಳಿಸಲು
ಒಬ್ಬ ಬೇಕಿತ್ತು. ಮಾಂಚ ಹೋದ.
ಕಾಲುಚೀಲದೊಳಗೆ ಕಟ್ಟಿ, ಗೊಂಬೆಯ ಹೊಟ್ಟೆಗೆ ತುಂಬಿ
ಗಾಜಿನ ಪೆಟ್ಟಿಗೆಗಳ ದೇಶಕ್ಕೆ ಕಳಿಸುತ್ತಿದ್ದರಂತೆ.
ಆ ದುಡ್ಡಲ್ಲಿ ಅವನ ದೋಣಿಗೆ ಎಂಜಿನ್ ಬಂತು.
ಅದೇ ಎಂಜಿನ್ನು ಇವತ್ತು ನಮ್ಮನ್ನು ಇಲ್ಲಿಗೆ ತಂದದ್ದು.
ಇದನ್ನೆಲ್ಲಿ ಬರೆಯಲಿ, ಷರಾದಲ್ಲಾ?

ಡಾಕ್ಟರು ನನ್ನ ಭುಜದ ಮೇಲಿಂದ ಬಗ್ಗಿ
'ಎಲ್ಲಿ' ಎಂಬ ಕಾಲಮ್ಮಿನ ಮೇಲೆ ಬೆರಳಿಟ್ಟರು.
"ಖಾಲಿ ಬಿಡು."
"ಮುಂದಿನ ವರ್ಷ ಅಳೆಯಲು ಬಂದವರಿಗೆ?"
"ಮಾಂಚ ಇದ್ದಾನಲ್ಲ."
ಕಳ್ಳನ ಕೈಗೇ ಕೀಲಿ ಕೊಟ್ಟ ಹಾಗೆ, ಅನ್ನಲು ಹೊರಟು
ನಾಲಗೆ ಕಚ್ಚಿಕೊಂಡೆ. ಅವನು ನೀರು ನೋಡುತ್ತಿದ್ದ,
ಕೇಳಿಸಿಕೊಂಡವನ ಹಾಗೆ.

ಎರಡೂ ಅಂಗೈ ನೀರಿಗಿಳಿಸಿ ತೆರೆದ.
ಅದು ಹೋಗಲಿಲ್ಲ.
ಸೀಳುನಾಲಗೆ ಒಮ್ಮೆ ಚಾಚಿ
ಅವನ ಬೆರಳಿನ ಹಳೇ ಗಾಯದ ರುಚಿ ನೋಡಿತು.
ಏನು ತಿಳಿಯಿತೋ. ನಿಧಾನ, ತೀರಾ ನಿಧಾನ,
ಕಲ್ಲಿನಡಿ ಸೇರಿತು.
ಮಾಂಚ ನೀರಿಗೆ ಬಾಯಿ ತಾಗುವಷ್ಟು ಬಗ್ಗಿ
ಏನೋ ಕಿವಿಮಾತು ಹೇಳಿದ.
ಕಿವಿಯಿದ್ದ ನನಗೆ ಕೇಳಿಸಲಿಲ್ಲ.

ಬೆಳಗ್ಗೆ ಉದ್ದಮನೆಯ ಪಡಸಾಲೆಯಲ್ಲಿ
ಪುಸ್ತಕದ ಕೆಸರು ಒರೆಸಿ ಗಾಳಿಗಿಟ್ಟೆ.
ಓದು ಬಾರದ ಅಜ್ಜಿ ಪುಟದ ಮೇಲೆ ಕೈಯಾಡಿಸಿ
ಅಲ್ಲೇ ನಿಲ್ಲಿಸಿದಳು:
ಇಷ್ಟೆಲ್ಲ ಗೀಚಿದವಳು
ಇದೊಂದು ಮನೆ ಯಾಕೆ ಖಾಲಿ ಬಿಟ್ಟೆ?
ಮರೆತೆ, ಅಂದೆ.
ನಂಬಲಿಲ್ಲ ಅವಳು.
ಒಳ್ಳೇದು, ಅಂದಳು. ಮರೆತೇ ಇರು.